ಬೆನ್ನುಮೂಳೆಯ ಚಿತ್ರ ಮಾರ್ಗದರ್ಶಿತ ಹಾಗೂ ರೋಬಾಟ್ ನೆರವಿನ ಕನಿಷ್ಠ ಛೇದನ ಶಸ್ತ್ರಚಿಕಿತ್ಸೆ: ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆನ್ನುಮೂಳೆಯ ಕಾಯಿಲೆಗಳಿಗೆ ಸಣ್ಣ ಗಾಯದ ಮೂಲಕ, ಗಣಕಯಂತ್ರದ ಪರದೆಯ ಮೇಲೆ ಮೂಡುವ ಚಿತ್ರದ ನೆರವಿನಿಂದ, ಕೆಲವೆಡೆ ರೋಬಾಟ್ ತೋಳಿನ ಸಹಾಯದಿಂದಲೂ ಶಸ್ತ್ರಚಿಕಿತ್ಸೆ ನೆರವೇರಿಸುವ ವಿಧಾನಗಳು ಇಂದು ಬಳಕೆಯಲ್ಲಿವೆ. ಈ ವಿಧಾನಗಳೆಂದರೇನು, ಯಾರಿಗೆ ಅಗತ್ಯ, ಯಾರಿಗೆ ಅನಗತ್ಯ, ಸರ್ಕಾರದ ಆರೋಗ್ಯ ಯೋಜನೆಗಳಡಿ ನೆರವು ಪಡೆಯಲು ಅನುಸರಿಸಬೇಕಾದ ಕ್ರಮವೇನು ಎಂಬುದನ್ನು ಬಳ್ಳಾರಿ ಜಿಲ್ಲೆಯ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಜಿಲ್ಲೆಯಲ್ಲಿ ಬೆನ್ನಿನ ಮೇಲೆ ಭಾರ ಬೀಳುವ ಉದ್ಯೋಗಗಳು ಅನೇಕ. ತುಂಗಭದ್ರಾ ಕಾಲುವೆಯ ನೀರುಣ್ಣುವ ಸಿರುಗುಪ್ಪ ಮತ್ತು ಕುರುಗೋಡು ಭಾಗದ ಗದ್ದೆಗಳಲ್ಲಿ ಭತ್ತದ ನಾಟಿಗೆ ಇಳಿಯುವ ಮಹಿಳೆಯರು ದಿನವಿಡೀ ನಡು ಬಗ್ಗಿಸಿಯೇ ಇರುತ್ತಾರೆ. ಸುಗ್ಗಿಯ ನಂತರ ಅದೇ ಭತ್ತವನ್ನು 75 ಕೆ.ಜಿ. ತೂಕದ ಚೀಲಗಳಲ್ಲಿ ಹಮಾಲರು ಹೊರುತ್ತಾರೆ. ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಕಾರ್ಮಿಕರು ಬೆನ್ನಿಗೆ ಆಸರೆಯಿಲ್ಲದ ಪೀಠದ ಮೇಲೆ ಕುಳಿತೇ ದುಡಿಯುವರು. ಇವರಲ್ಲಿ ಹಲವರಿಗೆ ನಡುನೋವು ಬರುವುದು ಸಹಜ. ಆದರೆ ನಡುನೋವು ಬಂದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ ಎಂಬ ಅಂಶವನ್ನು ಮೊದಲಿಗೇ ಗಮನಿಸತಕ್ಕದ್ದು.

ಬೆನ್ನುಮೂಳೆಯ ರಚನೆ

ಬೆನ್ನುಮೂಳೆಯಲ್ಲಿ ಕುತ್ತಿಗೆಯ 7, ಎದೆಯ 12, ನಡುವಿನ 5, ಒಂದಕ್ಕೊಂದು ಬೆಸೆದ ತ್ರಿಕಾಸ್ಥಿಯ 5 ಹಾಗೂ ಬಾಲದ ಎಲುಬಿನ 4, ಹೀಗೆ ಒಟ್ಟು 33 ಮಣಿಗಳಿವೆ. ಮಣಿಗಳ ನಡುವೆ ಒತ್ತಡವನ್ನು ತಡೆದುಕೊಳ್ಳುವ ಮೆತ್ತನೆಯ ಡಿಸ್ಕ್‌ಗಳಿದ್ದು, ಮಣಿಗಳ ಹಿಂಭಾಗದ ಕೊಳವೆಯಲ್ಲಿ ಬೆನ್ನುಹುರಿ ಇಳಿದುಬರುತ್ತದೆ. ವಯಸ್ಕರಲ್ಲಿ ಬೆನ್ನುಹುರಿಯು ನಡುವಿನ ಮೊದಲನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಕೊನೆಗೊಳ್ಳುತ್ತದೆ. ಅದರ ಕೆಳಗೆ ಇರುವುದು ಕುದುರೆಯ ಬಾಲದಂತೆ ಹರಡಿದ ನರಬೇರುಗಳು ಮಾತ್ರ. ಡಿಸ್ಕ್ ಜಾರುವುದು ಹೆಚ್ಚಾಗಿ ನಡುವಿನ 4 ಮತ್ತು 5ನೆಯ ಮಣಿಗಳ ನಡುವೆ, ಇಲ್ಲವೇ 5ನೆಯ ಮಣಿ ಮತ್ತು ತ್ರಿಕಾಸ್ಥಿಯ ನಡುವೆ, ಅಂದರೆ ಬೆನ್ನುಹುರಿ ಮುಗಿದ ಮೇಲಿನ ಭಾಗದಲ್ಲಿ. "ಬೆನ್ನಿನ ಆಪರೇಷನ್ ಮಾಡಿಸಿದರೆ ಎರಡೂ ಕಾಲು ಹೋಗುತ್ತವೆ" ಎಂದು ಹಳ್ಳಿಗಳಲ್ಲಿ ಕೇಳಿಬರುವ ಭಯಕ್ಕೆ ಈ ಬಗೆಯ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಹೆಚ್ಚಿನ ಆಧಾರವಿಲ್ಲ. ಅಪಾಯವೇ ಇಲ್ಲವೆಂದಲ್ಲ. ನರಕ್ಕೆ ಪೆಟ್ಟು, ನರದ ಹೊದಿಕೆ ಹರಿಯುವುದು, ಸೋಂಕು, ಡಿಸ್ಕ್ ಮತ್ತೆ ಜಾರುವುದು ಇವೆಲ್ಲವೂ ಸಂಭವನೀಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇವುಗಳ ವಿವರಣೆ ಪಡೆಯುವುದು ರೋಗಿಯ ಹಕ್ಕಾಗಿರುತ್ತದೆ.

ಶಸ್ತ್ರಚಿಕಿತ್ಸೆ ಯಾವಾಗ ಬೇಕು, ಯಾವಾಗ ಬೇಡ

ಡಿಸ್ಕ್ ಜಾರಿ ಸೊಂಟದಿಂದ ಕಾಲಿಗೆ ಹರಿಯುವ ನೋವು ಬಹುಪಾಲು ರೋಗಿಗಳಲ್ಲಿ 6ರಿಂದ 12 ವಾರಗಳೊಳಗೆ ಔಷಧಿ, ಮಿತವಾದ ಚಟುವಟಿಕೆ ಹಾಗೂ ವ್ಯಾಯಾಮದಿಂದ ಕಡಿಮೆಯಾಗುತ್ತದೆ. ಈ ಸಂಬಂಧ ನೆದರ್ಲೆಂಡ್ಸ್ ದೇಶದಲ್ಲಿ 283 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವು ಉಪಯುಕ್ತವಾಗಿದೆ. ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ನೋವು ಬೇಗನೆ ಇಳಿಯಿತು. ಆದರೆ ಒಂದು ವರ್ಷದ ಕೊನೆಗೆ ಅವರಿಗೂ, ಮೊದಲು ಕಾದು ನೋಡಿ ಅಗತ್ಯವಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೂ ವ್ಯತ್ಯಾಸ ಉಳಿಯಲಿಲ್ಲ. ಆದ್ದರಿಂದ ಎಂ.ಆರ್.ಐ. ವರದಿಯಲ್ಲಿ "ಡಿಸ್ಕ್ ಉಬ್ಬಿದೆ" ಎಂಬ ಒಂದು ಸಾಲನ್ನು ಕಂಡೊಡನೆ ಹೊಲ ಅಡವಿಟ್ಟು ದೂರದ ನಗರಕ್ಕೆ ಹೊರಡುವ ಅಗತ್ಯವಿಲ್ಲ. ನಲವತ್ತು ದಾಟಿದ, ಯಾವ ನೋವೂ ಇಲ್ಲದ ಅನೇಕರ ಚಿತ್ರಗಳಲ್ಲಿಯೂ ಅಂತಹ ಉಬ್ಬು ಕಾಣುತ್ತದೆ.

ಇದಕ್ಕೆ ವಿರುದ್ಧವಾಗಿ, ಒಂದು ದಿನವೂ ಕಾಯಬಾರದ ಸಂದರ್ಭಗಳಿವೆ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲವಿಸರ್ಜನೆಯ ಮೇಲೆ ಹಿಡಿತ ತಪ್ಪುವುದು, ಗುಹ್ಯಭಾಗ ಹಾಗೂ ತೊಡೆಯ ಒಳಭಾಗ ಜೋಮು ಹಿಡಿಯುವುದು, ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುವುದು, ಎರಡೂ ಕಾಲುಗಳ ಬಲ ದಿನೇದಿನೇ ಕುಂದುವುದು ಇವು ನರಬೇರುಗಳು ಅಥವಾ ಬೆನ್ನುಹುರಿ ಒತ್ತಡಕ್ಕೆ ಸಿಲುಕಿವೆ ಎಂಬುದರ ಸೂಚನೆಗಳು. ಇಂತಹ ರೋಗಿಗೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ದೊರೆಯಬೇಕು. 48 ಗಂಟೆ ಮೀರಿದಂತೆ ಮೂತ್ರದ ಹಿಡಿತ ಮರಳುವ ಸಾಧ್ಯತೆ ಕುಗ್ಗುತ್ತದೆ. ನಾಚಿಕೆಯ ಕಾರಣ ಮೂತ್ರದ ತೊಂದರೆಯನ್ನು ಮನೆಯವರಿಗೂ ಹೇಳದೆ, ಎಣ್ಣೆ ತಿಕ್ಕಿಸಿಕೊಂಡು, ನಡು ಎಳೆಸಿಕೊಂಡು ವಾರಗಳನ್ನು ಕಳೆದವರು ಮುಂದೆ ಜೀವನಪೂರ್ತಿ ಕೊಳವೆಯ ಆಸರೆಯಲ್ಲಿ ಬದುಕಬೇಕಾದೀತು. ಈ ಲಕ್ಷಣಗಳಿದ್ದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯದೆ 108 ಆಂಬ್ಯುಲೆನ್ಸ್ ಮೂಲಕ ನೇರವಾಗಿ ಬಳ್ಳಾರಿಗೆ ತೆರಳತಕ್ಕದ್ದು.

ಚಿತ್ರ ಮಾರ್ಗದರ್ಶನ ಎಂದರೇನು

ಕ್ಷ-ಕಿರಣಗಳನ್ನು 1895ರಲ್ಲಿ ರಾಂಟ್ಜೆನ್ ಕಂಡುಹಿಡಿದರು. ಜಾರಿದ ಡಿಸ್ಕ್ ಕಾಲುನೋವಿಗೆ ಕಾರಣವೆಂದೂ ಅದನ್ನು ತೆಗೆದರೆ ನೋವು ಇಳಿಯುವುದೆಂದೂ 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ವರದಿ ಮಾಡಿದರು. ಬಹುಕಾಲ ಶಸ್ತ್ರವೈದ್ಯರು ದೊಡ್ಡ ಗಾಯ ಮಾಡಿ, ಸ್ನಾಯುವನ್ನು ಎಲುಬಿನಿಂದ ಬಿಡಿಸಿ, ಕಣ್ಣಿಗೆ ಕಾಣುವ ಗುರುತುಗಳನ್ನು ಆಧರಿಸಿ ಕೆಲಸ ಮಾಡುತ್ತಿದ್ದರು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಎಂಬುವರು ಸ್ನಾಯುವನ್ನು ಕತ್ತರಿಸದೆ ಎಳೆಗಳ ನಡುವೆ ಸರಿಸಿ, ಸುಮಾರು ಎರಡು ಸೆಂಟಿಮೀಟರ್ ಅಗಲದ ಕೊಳವೆಯ ಮೂಲಕ ಡಿಸ್ಕ್ ತೆಗೆಯುವ ವಿಧಾನವನ್ನು ವಿವರಿಸಿದರು. ಗಾಯ ಚಿಕ್ಕದಾದಂತೆ ಒಳಗಿನ ನೋಟವೂ ಕಿರಿದಾಗುತ್ತದೆ. ಕಣ್ಣಿಗೆ ಕಾಣದಿರುವುದನ್ನು ಚಿತ್ರ ತೋರಿಸಬೇಕಾಗುತ್ತದೆ. ಕನಿಷ್ಠ ಛೇದನ ಹಾಗೂ ಚಿತ್ರ ಮಾರ್ಗದರ್ಶನ ಜೊತೆಜೊತೆಯಾಗಿ ಬೆಳೆದುದು ಈ ಕಾರಣದಿಂದಲೇ.

ಚಿತ್ರ ಮಾರ್ಗದರ್ಶನದಲ್ಲಿ ಅತಿ ಸರಳವಾದುದು ಸಿ-ಆರ್ಮ್. ಇಂಗ್ಲಿಷಿನ ಸಿ ಅಕ್ಷರದ ಆಕಾರದ ಈ ಕ್ಷ-ಕಿರಣ ಯಂತ್ರವು ಮೇಜಿನ ಸುತ್ತ ತಿರುಗಿ ಕ್ಷಣಕ್ಷಣದ ಚಿತ್ರ ನೀಡುತ್ತದೆ. ಮೂಳೆ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಇದು ಸಾಮಾನ್ಯ ಸಲಕರಣೆ. ಇದಕ್ಕಿಂತ ಮುಂದುವರಿದುದು ನ್ಯಾವಿಗೇಶನ್. ಇದರಲ್ಲಿ ರೋಗಿಯ ಬೆನ್ನೆಲುಬಿಗೆ ಒಂದು ಗುರುತು ಚೌಕಟ್ಟನ್ನು ಕಚ್ಚಿಸಿ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಮೂರು ಆಯಾಮದ ಚಿತ್ರ ತೆಗೆಯಲಾಗುತ್ತದೆ. ಚೌಕಟ್ಟಿನ ಮೇಲೂ ಉಪಕರಣಗಳ ಮೇಲೂ ಇರುವ ಹೊಳೆಯುವ ಗುಂಡುಗಳನ್ನು ಅವಕೆಂಪು ಕ್ಯಾಮೆರಾ ಸತತವಾಗಿ ಗಮನಿಸುತ್ತಿದ್ದು, ಉಪಕರಣದ ತುದಿ ಎಲುಬಿನೊಳಗೆ ಎಲ್ಲಿದೆ ಎಂಬುದನ್ನು ಪರದೆ ತೋರಿಸುತ್ತದೆ. ಗುರುತು ಚೌಕಟ್ಟಿಗೆ ಕೈ ತಗುಲಿ ಅದು ಸ್ವಲ್ಪ ಸರಿದರೂ ಪರದೆಯ ಚಿತ್ರ ಸುಳ್ಳಾಗುತ್ತದೆ. ಹಾಗಾಗಿ ತಿಳಿದ ಎಲುಬಿನ ಗುರುತಿಗೆ ಉಪಕರಣ ತಾಗಿಸಿ ಆಗಾಗ ತಾಳೆ ನೋಡುವುದು ವಾಡಿಕೆ.

ಇದರ ಉಪಯೋಗ ಹೆಚ್ಚಾಗಿ ಕಾಣುವುದು ಮಣಿಗಳನ್ನು ಬಿಗಿಯುವ ಸ್ಕ್ರೂಗಳನ್ನು ಕೂರಿಸುವಾಗ. ಸ್ಕ್ರೂ ಹಾದುಹೋಗುವ ಎಲುಬಿನ ಕಂಬವು ಎದೆಯ ಮಧ್ಯಭಾಗದಲ್ಲಿ ಕೆಲವರಲ್ಲಿ 5 ಮಿಲಿಮೀಟರ್‌ಗಿಂತಲೂ ಕಿರಿದು. ಒಂದು ಬದಿಗೆ ಬೆನ್ನುಹುರಿ, ಇನ್ನೊಂದು ಬದಿಗೆ ಶ್ವಾಸಕೋಶ ಮತ್ತು ಮಹಾಪಧಮನಿ ಇರುತ್ತವೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು ಗೂನು ಹಾಗೂ ಪಕ್ಕಕ್ಕೆ ವಾಲಿದ ಬೆನ್ನುಳ್ಳ 33 ರೋಗಿಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯಾವಿಗೇಶನ್ ಇಲ್ಲದೆ ಕೂರಿಸಿದ ಸ್ಕ್ರೂಗಳ ಪೈಕಿ ಶೇ. 23ರಷ್ಟು ಎಲುಬಿನ ಗೋಡೆಯನ್ನು ದಾಟಿದ್ದವು. ನ್ಯಾವಿಗೇಶನ್ ಬಳಸಿದಾಗ ಆ ಪ್ರಮಾಣ ಶೇ. 2ಕ್ಕೆ ಇಳಿಯಿತು. ಒಂದು ಸ್ಕ್ರೂಗೆ ತಗುಲಿದ ಸಮಯವೂ ಕಡಿಮೆಯಾಯಿತು. ಮಣಿಗಳ ಸ್ವರೂಪವೇ ಬದಲಾಗಿರುವ ಇಂತಹ ಕಠಿಣ ಪ್ರಕರಣಗಳಲ್ಲಿ ಈ ಸಾಧನವು ತನ್ನ ಬೆಲೆಯನ್ನು ಸಾರ್ಥಕಪಡಿಸಿಕೊಳ್ಳುತ್ತದೆ ಎನ್ನಬಹುದು.

ರೋಬಾಟ್‌ನ ಪಾತ್ರ

ರೋಬಾಟ್ ತಾನಾಗಿಯೇ ಶಸ್ತ್ರಚಿಕಿತ್ಸೆ ನಡೆಸುವುದಿಲ್ಲ. ಜಾರಿದ ಡಿಸ್ಕನ್ನು ತೆಗೆಯುವುದೂ ಇಲ್ಲ. ವೈದ್ಯರು ಮೊದಲೇ ಸಿ.ಟಿ. ಚಿತ್ರದ ಮೇಲೆ ಪ್ರತಿ ಸ್ಕ್ರೂವಿನ ದಾರಿ, ಉದ್ದ ಹಾಗೂ ದಪ್ಪವನ್ನು ಗೊತ್ತುಪಡಿಸುತ್ತಾರೆ. ರೋಬಾಟ್ ತೋಳು ಆ ಕೋನದಲ್ಲಿ ಮಾರ್ಗದರ್ಶಿ ನಳಿಕೆಯನ್ನು ತಂದು ಅಲುಗದಂತೆ ಹಿಡಿಯುತ್ತದೆ. ರಂಧ್ರ ಕೊರೆಯುವುದು, ಸ್ಕ್ರೂ ಕೂರಿಸುವುದು ವೈದ್ಯರ ಕೈಯಿಂದಲೇ. ಈ ಬಗೆಯ ಮೊದಲ ಬೆನ್ನುಮೂಳೆ ರೋಬಾಟ್ ಆದ ಸ್ಪೈನ್‌ಅಸಿಸ್ಟ್ ಇಸ್ರೇಲಿನ ಮಜೋರ್ ಸಂಸ್ಥೆಯದಾಗಿದ್ದು, 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆಯಿತು. ಭಾರತದಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳು ಇಂತಹ ಯಂತ್ರಗಳನ್ನು ಬಳಸುತ್ತಿವೆ.

ಯಂತ್ರವಿದ್ದೆಡೆ ಫಲಿತಾಂಶ ಉತ್ತಮವೇ ಆಗಿರುತ್ತದೆ ಎಂದು ಭಾವಿಸತಕ್ಕದ್ದಲ್ಲ. ಜರ್ಮನಿಯಲ್ಲಿ 60 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನುಭವಿ ವೈದ್ಯರು ಬರಿಗೈಯಿಂದ ಕೂರಿಸಿದ ಸ್ಕ್ರೂಗಳಲ್ಲಿ ಶೇ. 93 ಸರಿಯಾದ ಸ್ಥಾನದಲ್ಲಿದ್ದರೆ, ಅಂದಿನ ರೋಬಾಟ್ ನೆರವಿನಿಂದ ಕೂರಿಸಿದವುಗಳಲ್ಲಿ ಶೇ. 85 ಮಾತ್ರ ಹಾಗಿದ್ದವು. ಇಳಿಜಾರಾದ ಎಲುಬಿನ ಮೇಲೆ ಉಪಕರಣದ ತುದಿ ಜಾರಿದುದು ಇದಕ್ಕೆ ಒಂದು ಕಾರಣವೆಂದು ಗುರುತಿಸಲಾಯಿತು. ನಂತರದ ಯಂತ್ರಗಳು ಸುಧಾರಿಸಿದ್ದು, ಸ್ಕ್ರೂವಿನ ನಿಖರತೆಯಲ್ಲಿ ರೋಬಾಟ್ ಮುಂದಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಆದರೆ ಸ್ಕ್ರೂ ಒಂದು ಮಿಲಿಮೀಟರ್ ನೇರವಾಗಿ ಕುಳಿತ ಮಾತ್ರಕ್ಕೆ ರೋಗಿಯ ನೋವು ಅಷ್ಟೇ ಹೆಚ್ಚು ಇಳಿಯುತ್ತದೆ ಎಂದಾಗುವುದಿಲ್ಲ. ಕೊಳವೆಯ ಮೂಲಕ ಡಿಸ್ಕ್ ತೆಗೆಯುವ ವಿಧಾನದ ಬಗ್ಗೆಯೂ ಇದೇ ಮಾತು. 328 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಒಂದು ವರ್ಷದ ನಂತರ ಕೊಳವೆ ವಿಧಾನವು ಸೂಕ್ಷ್ಮದರ್ಶಕದ ಸಾಂಪ್ರದಾಯಿಕ ವಿಧಾನಕ್ಕಿಂತ ಮೇಲೆನಿಸಲಿಲ್ಲ. ಬಳ್ಳಾರಿಯಲ್ಲಿಯೇ ಸೂಕ್ಷ್ಮದರ್ಶಕದ ಅಥವಾ ಸಿ-ಆರ್ಮ್ ನೆರವಿನ ಶಸ್ತ್ರಚಿಕಿತ್ಸೆ ದೊರೆಯುವಾಗ, ಸರಳವಾದ ಡಿಸ್ಕ್ ಜಾರಿಕೆಗಾಗಿ ರೋಬಾಟ್ ಹುಡುಕಿಕೊಂಡು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುವುದರಿಂದ ಆಗುವ ಲಾಭ ಅಲ್ಪ. ಬೆನ್ನು ತೀವ್ರವಾಗಿ ವಾಲಿರುವ ಮಕ್ಕಳು, ಹಿಂದೆ ಶಸ್ತ್ರಚಿಕಿತ್ಸೆ ಆಗಿ ಎಲುಬಿನ ಗುರುತು ಅಳಿಸಿದವರು, ಕುತ್ತಿಗೆಯ ಮೇಲ್ಭಾಗದ ಮುರಿತವುಳ್ಳವರು ಇವರ ವಿಷಯ ಬೇರೆ.

ಈ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ಎರಡು ಕಾಯಿಲೆಗಳು

ಬೆನ್ನುಮೂಳೆಯ ಕ್ಷಯ: ಮೂಳೆಗೆ ತಗಲುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಗೇ ತಗಲುತ್ತದೆ. ತಿಂಗಳುಗಟ್ಟಲೆ ಬಿಡದ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಕೆ, ಬೆನ್ನಿನಲ್ಲಿ ಗಂಟಿನಂತೆ ಮುಂಚಾಚಿದ ಎಲುಬು ಇದರ ಲಕ್ಷಣಗಳು. ಕೆಮ್ಮು ಇರಲೇಬೇಕೆಂದಿಲ್ಲ. ಚಿತ್ರ ಮಾರ್ಗದರ್ಶನದ ಅತ್ಯಂತ ಪ್ರಯೋಜನಕಾರಿ ಬಳಕೆ ಇಲ್ಲಿದೆ. ಸಿ-ಆರ್ಮ್ ಅಥವಾ ಸಿ.ಟಿ. ನೋಡುತ್ತ ಸೂಜಿಯೊಂದನ್ನು ಮಣಿಯೊಳಗೆ ತೂರಿಸಿ ತುಣುಕು ತೆಗೆದು ಕ್ಷಯದ ಪರೀಕ್ಷೆಗೆ ಕಳುಹಿಸಲಾಗುತ್ತದೆ. ರಿಫಾಂಪಿಸಿನ್ ಔಷಧಿಗೆ ರೋಗಾಣು ಬಗ್ಗುವುದೋ ಇಲ್ಲವೋ ಎಂಬುದೂ ಇದರಿಂದ ತಿಳಿಯುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ ತಪ್ಪಿ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದ ಉಚಿತ ಔಷಧಿಯಿಂದಲೇ ಹೆಚ್ಚಿನವರು ಗುಣಮುಖರಾಗುತ್ತಾರೆ. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ನೀಡುವ ಮಾಸಿಕ ಸಹಾಯಧನವನ್ನು 2024ರ ನವೆಂಬರ್‌ನಿಂದ ರೂ. 500ರಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಕಾಲಿನ ಬಲ ಕುಂದುತ್ತಿದ್ದರೆ ಅಥವಾ ಗೂನು ಹೆಚ್ಚುತ್ತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುತ್ತದೆ.

ಫ್ಲೋರೋಸಿಸ್: ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಾನುಗಟ್ಟಲೆ ಅಂತಹ ಕೊಳವೆಬಾವಿ ನೀರು ಕುಡಿದವರಲ್ಲಿ ಬೆನ್ನಿನ ಕಟ್ಟುಗಳು ಎಲುಬಿನಂತೆ ಗಟ್ಟಿಯಾಗಿ, ಬೆನ್ನುಹುರಿಯ ಕೊಳವೆ ಕಿರಿದಾಗಿ, ಕಾಲು ಬಿಗಿಯುತ್ತದೆ. ಹಲ್ಲಿನ ಕಂದು ಕಲೆ ಇದರ ಮುನ್ಸೂಚನೆ. ಇವರ ಎಲುಬು ಅತಿ ಗಡುಸಾಗಿದ್ದು, ನರದ ಹೊದಿಕೆ ಅದಕ್ಕೆ ಅಂಟಿಕೊಂಡಿರುವುದರಿಂದ ಶಸ್ತ್ರಚಿಕಿತ್ಸೆ ಕಷ್ಟಕರ. ಸಣ್ಣ ಗಾಯದ ವಿಧಾನ ಇಂತಹವರಿಗೆ ಎಲ್ಲ ಸಂದರ್ಭಗಳಲ್ಲಿಯೂ ಹೊಂದುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಅದೇ ನೀರನ್ನು ಕುಡಿದರೆ ಕಾಯಿಲೆ ಮುಂದುವರಿಯುತ್ತದೆಯಾದ್ದರಿಂದ ಕುಡಿಯುವ ನೀರನ್ನು ಪರೀಕ್ಷಿಸಿಕೊಳ್ಳುವುದು ಚಿಕಿತ್ಸೆಯ ಭಾಗವೇ ಆಗಿದೆ.

ಚಿಕಿತ್ಸೆ ಪಡೆಯುವ ಕ್ರಮ

ತುರ್ತು ಲಕ್ಷಣಗಳಿಲ್ಲದ ಸಿರುಗುಪ್ಪ ತಾಲ್ಲೂಕಿನ ರೋಗಿಗಳು ಮೊದಲು ಸಿರುಗುಪ್ಪದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ, ಕುರುಗೋಡು ತಾಲ್ಲೂಕಿನವರು ಕುರುಗೋಡಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಅಲ್ಲಿಂದ ಮುಂದಿನ ಹಂತ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾಗಿ, ಬಳಿಕ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾಗಿ, ಇಂದು ಬಳ್ಳಾರಿ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಸಂಶೋಧನಾ ಕೇಂದ್ರವೆನಿಸಿದ ಈ ಸಂಸ್ಥೆಯನ್ನು ಜನ ಈಗಲೂ ವಿಮ್ಸ್ ಎಂದೇ ಕರೆಯುತ್ತಾರೆ. ಪ್ರಧಾನಮಂತ್ರಿ ಸ್ವಾಸ್ಥ್ಯ ಸುರಕ್ಷಾ ಯೋಜನೆಯಡಿ ಇದಕ್ಕೆ ಸೂಪರ್ ಸ್ಪೆಷಾಲಿಟಿ ಟ್ರಾಮಾ ಕೇರ್ ಕೇಂದ್ರವೂ ಸೇರಿದೆ. ಅಲ್ಲಿಂದಲೂ ಮುಂದೆ ಕಳುಹಿಸಬೇಕಾದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಗಳಿವೆ.

ಈ ಜಿಲ್ಲೆಯ ಜನರಿಗೆ ಉನ್ನತ ಚಿಕಿತ್ಸೆಯ ಯೋಜನೆಗಳು ಹೊಸವಲ್ಲ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದುದು ಬಳ್ಳಾರಿ ಸೇರಿದ್ದ ಗುಲ್ಬರ್ಗಾ ವಿಭಾಗದಲ್ಲಿಯೇ. ನರಶಸ್ತ್ರಚಿಕಿತ್ಸೆ ಅಂದೇ ಅದರಲ್ಲಿ ಸೇರಿತ್ತು. 2018ರಲ್ಲಿ ಅಂತಹ ಯೋಜನೆಗಳು ಒಂದಾಗಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎನಿಸಿದವು. ಸದರಿ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತಿದೆ. ಆದ್ಯತಾ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಲಭ್ಯವಿದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ ಭರಿಸಲಾಗುತ್ತದೆ. ರೋಗಿಯು ಆಧಾರ್, ಪಡಿತರ ಚೀಟಿ ಅಥವಾ ಆಯುಷ್ಮಾನ್ ಕಾರ್ಡ್, ಎಂ.ಆರ್.ಐ. ಚಿತ್ರ ಮತ್ತು ವರದಿ, ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ತರತಕ್ಕದ್ದು. ಖಾಸಗಿ ನೋಂದಾಯಿತ ಆಸ್ಪತ್ರೆಯಲ್ಲಿ ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ. ತುರ್ತು ಪ್ರಕರಣಗಳಲ್ಲಿ ಈ ಪತ್ರದ ಅಗತ್ಯವಿರುವುದಿಲ್ಲ.

ಇಲ್ಲಿ ಅರ್ಜಿದಾರರು ಎಡವುವ ಒಂದು ವಿಷಯವಿದೆ. ಯೋಜನೆಯ ದರಪಟ್ಟಿಯನ್ನು ಡಿಸ್ಕ್ ತೆಗೆಯುವುದು, ಮಣಿ ಬಿಗಿಯುವುದು ಎಂದು ಶಸ್ತ್ರಚಿಕಿತ್ಸೆಯ ಹೆಸರಿನಿಂದ ಗೊತ್ತುಪಡಿಸಲಾಗಿರುತ್ತದೆ. "ರೋಬಾಟ್ ಬಳಸಿದ್ದೇವೆ, ಅದರ ಹಣ ಬೇರೆ" ಎಂದು ಬಿಡುಗಡೆಯ ದಿನ ಕೇಳಿಸಿಕೊಳ್ಳುವ ಬದಲು, ದಾಖಲಾಗುವ ಮುನ್ನವೇ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, ಯಾವ ಪ್ಯಾಕೇಜ್‌ಗೆ ಪೂರ್ವಾನುಮತಿ ಕೋರಲಾಗಿದೆ, ಸ್ಕ್ರೂ ಮತ್ತು ಸಲಾಕೆಗಳ ವೆಚ್ಚ ಅದರಲ್ಲಿ ಸೇರಿದೆಯೇ, ರೋಗಿ ಕೊಡಬೇಕಾದುದು ಏನಾದರೂ ಉಳಿಯುವುದೇ ಎಂಬುದನ್ನು ಲಿಖಿತವಾಗಿ ಪಡೆಯುವುದು ಸೂಕ್ತ. ಯೋಜನೆಯ ಕುರಿತು 14555 ಉಚಿತ ದೂರವಾಣಿಯಲ್ಲಿ ವಿಚಾರಿಸಬಹುದು.

ಸಹಕಾರ ಸಂಘಗಳ ಸದಸ್ಯರಿಗೆ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರ ನವೆಂಬರ್‌ನಲ್ಲಿ ಮರುಜಾರಿಯಾದ ಯಶಸ್ವಿನಿ ಯೋಜನೆ ಇದೆ. ಇದರ ಮಿತಿಯೂ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷ. ನೋಂದಣಿ ಅವಧಿಯಲ್ಲಿಯೇ ಸಂಘದ ಮೂಲಕ ಸದಸ್ಯತ್ವ ಪಡೆದಿರಬೇಕು. ಕಾಯಿಲೆ ಬಂದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ಖಾಸಗಿ ಆರೋಗ್ಯ ವಿಮೆ ಹೊಂದಿರುವವರು, ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ರೋಬಾಟ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವಂತಿಲ್ಲವಾದರೂ ಅದಕ್ಕೆ ಉಪಮಿತಿ ಇರಬಹುದೆಂಬುದನ್ನು ಪಾಲಿಸಿಯಲ್ಲಿ ನೋಡಿಕೊಳ್ಳಬೇಕು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ 2025ರ ಮೇ ತಿಂಗಳಲ್ಲಿ ಅಧಿಸೂಚಿತವಾದ ಕೇಂದ್ರ ಯೋಜನೆಯಡಿ 7 ದಿನಗಳವರೆಗೆ ರೂ. 1.5 ಲಕ್ಷ ಮೀರದ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಅಪಘಾತ ಸ್ಥಳದಲ್ಲಿ ಬೆನ್ನು ಅಥವಾ ಕುತ್ತಿಗೆಗೆ ಪೆಟ್ಟಾದವರನ್ನು ಕೂರಿಸುವುದು, ನೀರು ಕುಡಿಸಲು ತಲೆ ಎತ್ತುವುದು, ಕೈಕಾಲು ಹಿಡಿದು ಆಟೋದಲ್ಲಿ ಮಡಿಸಿ ಹಾಕುವುದು ಅತ್ಯಂತ ಅಪಾಯಕರ. ತಲೆ, ಕುತ್ತಿಗೆ ಮತ್ತು ಮುಂಡ ಒಂದೇ ನೇರದಲ್ಲಿರುವಂತೆ ಹಲವರು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು. ಇಲ್ಲಿ ತಪ್ಪಿದರೆ ಮುಂದೆ ಯಾವ ಯಂತ್ರವೂ ಅದನ್ನು ಸರಿಪಡಿಸಲಾರದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ, ಎಷ್ಟು ದಿನ ಕಾಯಬಹುದು, ನೋವು ಇಳಿಸಲು ಮಾಡುತ್ತಿರುವುದೋ ಅಥವಾ ಬಲ ಉಳಿಸಲೋ, ಸ್ಕ್ರೂ ಹಾಕುವ ಅಗತ್ಯವೇನು, ಈ ವಿಧಾನದಲ್ಲಿ ವೈದ್ಯರಿಗೆ ಎಷ್ಟು ಅನುಭವವಿದೆ, ಯಂತ್ರ ಕೈಕೊಟ್ಟರೆ ತೆರೆದ ಶಸ್ತ್ರಚಿಕಿತ್ಸೆಗೆ ಸಿದ್ಧತೆಯಿದೆಯೇ ಎಂದು ಕೇಳಬೇಕು. ಬರಿಯ ನಡುನೋವಿಗಿಂತ ಕಾಲಿಗೆ ಹರಿಯುವ ನೋವಿಗೆ ಶಸ್ತ್ರಚಿಕಿತ್ಸೆ ಹೆಚ್ಚು ಫಲ ನೀಡುತ್ತದೆ ಎಂಬುದನ್ನು ನೆನಪಿನಲ್ಲಿಡುವುದು ಒಳಿತು. ಗರ್ಭಿಣಿಯರು ಕ್ಷ-ಕಿರಣದ ಕಾರಣ ತಮ್ಮ ಸ್ಥಿತಿಯನ್ನು ಮೊದಲೇ ತಿಳಿಸತಕ್ಕದ್ದು. ಕೂಲಿ ಕಾರ್ಮಿಕರು ಭಾರ ಎತ್ತುವ ಕೆಲಸಕ್ಕೆ ಎಷ್ಟು ವಾರಗಳ ನಂತರ ಮರಳಬಹುದೆಂಬುದನ್ನು ಮೊದಲೇ ತಿಳಿದುಕೊಂಡಲ್ಲಿ ಮನೆಯ ಖರ್ಚಿಗೆ ವ್ಯವಸ್ಥೆ ಮಾಡಿಕೊಳ್ಳಲು ಅನುಕೂಲವಾಗುವುದು. ಗಾಯ ಸಣ್ಣದಿದ್ದರೂ ಒಳಗೆ ಎಲುಬು ಬೆಸೆಯಲು ತಿಂಗಳುಗಳೇ ಬೇಕು.

ದೂರು ಸಲ್ಲಿಕೆ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007 ಮತ್ತು ಅದರ 2017ರ ತಿದ್ದುಪಡಿಯಂತೆ ಖಾಸಗಿ ಆಸ್ಪತ್ರೆಗಳು ಚಿಕಿತ್ಸಾ ದರಗಳನ್ನು ಪ್ರದರ್ಶಿಸಬೇಕು ಹಾಗೂ ರೋಗಿಗಳ ಸನ್ನದನ್ನು ಪಾಲಿಸಬೇಕು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆಯನ್ನು ತಡೆಯುವಂತಿಲ್ಲ. ಈ ಕುರಿತ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಬಿಲ್ಲು ಮತ್ತು ಬಿಡುಗಡೆ ಪತ್ರದ ಪ್ರತಿಗಳೊಂದಿಗೆ ಬರವಣಿಗೆಯಲ್ಲಿ ಸಲ್ಲಿಸಬಹುದು. ಚಿಕಿತ್ಸೆಯ ನಂತರವೂ ಕಾಲಿನ ಬಲಹೀನತೆ ಉಳಿದವರು ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಡಿ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಲು ಅರ್ಹರಿದ್ದು, ಇದಕ್ಕಾಗಿ ಎಂ.ಆರ್.ಐ. ಚಿತ್ರಗಳನ್ನು ಹಾಗೂ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು.